ಹೆಸರಿಡುವ ಮುಂಚೆ ಹುರುಪೆ ಎಣಿಸಬೇಕು

ಆಫ್ರಿಕಾದಲ್ಲಿ ಹೊಸ ಮೀನು ಸಿಕ್ಕಿತು ಅನ್ನೋ ಸುದ್ದಿ ಆಗಾಗ ಬರುತ್ತದೆ. ಓದಿದ ಕೂಡಲೇ ಕಣ್ಣ ಮುಂದೆ ಬರುವುದು ಒಂದೇ ಚಿತ್ರ. ಯಾರೋ ವಿಜ್ಞಾನಿ ನೀರಿಗೆ ಬಲೆ ಹಾಕಿದರು, ಮೇಲೆತ್ತಿದರು, ಯಾರೂ ಕಾಣದ ಮೀನು ಬಲೆಯಲ್ಲಿ ಹೊಳೆಯಿತು. ಹಾಗಾಗುವುದು ಅಪರೂಪ. ಎಷ್ಟೋ ಸಲ ಆ ಮೀನು ಹತ್ತಾರು ವರ್ಷ ಮ್ಯೂಸಿಯಂನ ಬಾಟಲಿಯಲ್ಲಿ ಬೇರೆ ಹೆಸರಿನ ಚೀಟಿ ಅಂಟಿಸಿಕೊಂಡು ಕೂತಿರುತ್ತದೆ. ಇಲ್ಲವೇ ಯಾರದೋ ಮನೆಯ ಗಾಜಿನ ತೊಟ್ಟಿಯಲ್ಲಿ ಆರಾಮಾಗಿ ಈಜುತ್ತಿರುತ್ತದೆ. ಆ ಊರಿನವರು ಅದನ್ನು ಮೊದಲಿನಿಂದಲೂ ನೋಡಿರುತ್ತಾರೆ. ಹಾಗಾದರೆ ಹೊಸದು ಯಾವುದು? ಇದು ಬೇರೆಯದೇ ಮೀನು ಎಂದು ಯಾರೋ ಪುರಾವೆ ಸಮೇತ ಬರೆದು, ಅಚ್ಚು ಹಾಕಿಸಿ, ಉಳಿದವರೂ ಪರೀಕ್ಷಿಸಿ ನೋಡುವ ಹಾಗೆ ಇಡುತ್ತಾರಲ್ಲ, ಆ ವಾದ ಹೊಸದು.

ಈ ವಾದ ಹೇಗೆ ಕಟ್ಟುತ್ತಾರೆ ಎಂದು ತೋರಿಸಲು ನನಗೆ ತುಂಬಾ ಇಷ್ಟವಾದ ಒಂದು ಗುಂಪನ್ನು ಆರಿಸಿಕೊಂಡಿದ್ದೇನೆ. ಅದರ ಹೆಸರು ನೋಥೊಬ್ರಾಂಕಿಯಸ್. ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಮಳೆಗುಂಡಿಗಳಲ್ಲಿ ಬಾಳುವ, ಹೆಚ್ಚಿನವು ಒಂದು ಬೆರಳಿನಷ್ಟೂ ಉದ್ದವಿಲ್ಲದ ಮೀನುಗಳು. ಈ ಕುಲದಲ್ಲಿ ಈಗ 90ರ ಆಸುಪಾಸು ಪ್ರಭೇದಗಳಿವೆ. ಅಕ್ವೇರಿಯಂ ಮಂದಿ ಇವನ್ನು ಕಿಲ್ಲಿಫಿಶ್ ಅನ್ನುತ್ತಾರೆ. ಕೊಲ್ಲುವುದಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಡಚ್ ಭಾಷೆಯಲ್ಲಿ ಕಿಲ್ ಅಂದರೆ ಸಣ್ಣ ಹಳ್ಳ, ಕಾಲುವೆ.

ಮೊದಲು ಇವುಗಳ ಬದುಕು ಗೊತ್ತಿರಬೇಕು. ಯಾಕೆಂದರೆ ಹೆಸರಿನ ತಕರಾರೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

ಮೊಜಾಂಬಿಕ್‌ನ ಬಯಲಿನಲ್ಲಿ ಮಳೆ ಬಿದ್ದಾಗ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ಹಾಲು ಜಾಸ್ತಿಯಾದ ಚಹಾದಂಥ ಬಣ್ಣದ ನೀರು, ಎಷ್ಟೋ ಕಡೆ ಮೊಣಕಾಲು ಮುಳುಗುವಷ್ಟು ಆಳ. ಕೆಲವೇ ವಾರಗಳಲ್ಲಿ ಅಲ್ಲಿ ಮೀನು ತುಂಬಿರುತ್ತದೆ. ಹೊಳೆಯಿಂದ ಬಂದದ್ದಲ್ಲ, ಹತ್ತಿರದಲ್ಲಿ ಹೊಳೆಯೇ ಇರುವುದಿಲ್ಲ. ಹಿಂದಿನ ಮಳೆಗಾಲದ ಮೀನುಗಳು ಕೆಸರಿನೊಳಗೆ ಮೊಟ್ಟೆ ಇಟ್ಟು ಸತ್ತಿರುತ್ತವೆ. ರಾಗಿ ಕಾಳಿನಷ್ಟು ಸಣ್ಣ ಮೊಟ್ಟೆಗಳು. ನೀರು ಆರಿ, ನೆಲ ಬಿರಿದು, ಮೇಲೆ ದನಕರು ಓಡಾಡಿದರೂ ಅವು ಒಳಗೆ ಜೀವ ಹಿಡಿದುಕೊಂಡು ಇರುತ್ತವೆ. ಭ್ರೂಣ ಬೆಳೆಯುವ ದಾರಿಯಲ್ಲಿ ಮೂರು ಕಡೆ ಬೆಳವಣಿಗೆಯನ್ನು ನಿಲ್ಲಿಸಿ ಕಾಯಬಲ್ಲದು. ಒಂದು ತಡೆ ತೀರಾ ಆರಂಭದಲ್ಲಿ, ಇನ್ನೊಂದು ಹೃದಯ ಮೂಡಿದ ಮೇಲೆ, ಕೊನೆಯದು ಮರಿ ಪೂರ್ತಿ ತಯಾರಾಗಿ ಹೊರಬರುವ ಹೊಸ್ತಿಲಲ್ಲಿ. ಇದಕ್ಕೆ ಡಯಾಪಾಸ್ ಎಂದು ಹೆಸರು. ಎಲ್ಲ ಮೊಟ್ಟೆಗಳೂ ಒಂದೇ ಹೊತ್ತಿಗೆ ತಡೆ ಮುಗಿಸುವುದಿಲ್ಲ. ಮೊದಲ ಮಳೆ ಸುಳ್ಳು ಮಳೆಯಾಗಿ ಗುಂಡಿ ಮತ್ತೆ ಒಣಗಿದರೆ, ಆಗ ಹೊರಬಂದ ಮರಿಗಳು ಮಾತ್ರ ಸಾಯುತ್ತವೆ. ಉಳಿದ ಮೊಟ್ಟೆಗಳು ಇನ್ನೂ ಮಣ್ಣಲ್ಲೇ ಇರುತ್ತವೆ.

ಇದು ಎಲ್ಲ ಮಣ್ಣಿನಲ್ಲೂ ನಡೆಯುವುದಿಲ್ಲ. ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರುಕು ಬಿಡುವ ಕಪ್ಪು ಜಿಗಟು ಮಣ್ಣು ಇವಕ್ಕೆ ಹೇಳಿ ಮಾಡಿಸಿದ್ದು. ಮಣ್ಣು ವಿಜ್ಞಾನಿಗಳು ವರ್ಟಿಸಾಲ್ ಅನ್ನುವ ಈ ಬಗೆಯ ಮಣ್ಣನ್ನು ನಾವು ಎರೆಮಣ್ಣು ಅನ್ನುತ್ತೇವೆ. ಗದಗ, ವಿಜಯಪುರ ಕಡೆಯ ಹೊಲಗಳಲ್ಲಿ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ನೋಡಿದವರಿಗೆ ಆ ಆಫ್ರಿಕಾದ ಗುಂಡಿಯ ತಳವನ್ನು ಬೇರೆಯಾಗಿ ವರ್ಣಿಸಬೇಕಿಲ್ಲ. ನಮ್ಮಲ್ಲಿ ಆ ಮೀನಿಲ್ಲ, ಆದರೆ ಮಣ್ಣಿನ ಸ್ವಭಾವ ಅದೇ.

ಈಗ ಯೋಚಿಸಿ. ಒಂದು ಗುಂಡಿ, ಸುತ್ತ ಒಣ ನೆಲ, ಮೈಲಿಗಟ್ಟಲೆ ದೂರದಲ್ಲಿ ಇನ್ನೊಂದು ಗುಂಡಿ. ನಡುವೆ ದೊಡ್ಡ ನದಿ ಇದ್ದರೆ ಅದೂ ಒಂದು ಗೋಡೆಯೇ. ಹರಿಯುವ ನೀರು ಈ ಮೀನಿಗೆ ಆಗಿಬರುವುದಿಲ್ಲ. ಹೀಗೆ ಬೇರೆ ಬೇರೆ ಉಳಿದ ಗುಂಪುಗಳು ಸಾವಿರಾರು ವರ್ಷಗಳಲ್ಲಿ ನಿಧಾನಕ್ಕೆ ಬೇರೆಯಾಗುತ್ತಾ ಹೋಗುತ್ತವೆ. ಎಲ್ಲಿಯವರೆಗೆ ಅದು ಒಂದೇ ಪ್ರಭೇದದ ಬಣ್ಣಭೇದ? ಯಾವಾಗಿನಿಂದ ಬೇರೆ ಪ್ರಭೇದ? ಪ್ರಕೃತಿ ಅಲ್ಲಿ ಗೆರೆ ಎಳೆದಿಟ್ಟಿಲ್ಲ. ಗೆರೆ ಎಳೆಯುವವರು ಕಾರಣ ಕೊಡಬೇಕು.

ಕಾರಣ ಹುಡುಕುವ ಕೆಲಸ ಗುಂಡಿಯ ದಡದಲ್ಲೇ ಶುರುವಾಗುತ್ತದೆ. ಅದಕ್ಕೂ ಮೊದಲು ಪರವಾನಗಿ ಬೇಕು. ಒಂದು ದೇಶದ ಜೀವಿಗಳು ಆ ದೇಶದ ಸೊತ್ತು. ಸುಮ್ನೆ ಹಿಡಿದು ಚೀಲದಲ್ಲಿ ಹಾಕಿಕೊಂಡು ವಿಮಾನ ಹತ್ತುವ ಕಾಲ ಹೋಯಿತು. ಜೀವಿಗಳನ್ನು ಬಳಸಲು ಆ ದೇಶದ ಒಪ್ಪಿಗೆ ಬೇಕು ಅನ್ನುವ, 2014ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ನಗೋಯಾ ಒಪ್ಪಂದ ಇದನ್ನು ಇನ್ನೂ ಬಿಗಿ ಮಾಡಿದೆ.

ಬಲೆಯಲ್ಲಿ ಬಂದ ಗಂಡು ಮೀನನ್ನು ಮೊದಲು ತೆಳುವಾದ ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟು ಫೋಟೋ ತೆಗೆಯುತ್ತಾರೆ. ಇದರಲ್ಲಿ ತಡ ಮಾಡುವ ಹಾಗಿಲ್ಲ. ಗಂಡು ಮೀನು ಮದುವೆ ಮನೆಯ ಸೀರೆಯಂತೆ ಇರುತ್ತದೆ. ಮೈಮೇಲೆ ನೀಲಿ ಹೊಳಪು, ಒಂದೊಂದು ಹುರುಪೆಗೂ ಕೆಂಪು ಅಂಚು, ಬಾಲದಲ್ಲಿ ಕೆಂಪು, ಹಳದಿ, ಕಪ್ಪು ಪಟ್ಟಿ. ಹೆಣ್ಣು ಮಾತ್ರ ಕೆಸರಿನ ಬಣ್ಣದ್ದು. ಎಷ್ಟೋ ಪ್ರಭೇದಗಳ ಹೆಣ್ಣುಗಳನ್ನು ಪಕ್ಕ ಪಕ್ಕ ಇಟ್ಟರೆ ತಜ್ಞರೂ ಯಾವುದು ಯಾವುದೆಂದು ಹೇಳಲು ತಡವರಿಸುತ್ತಾರೆ. ಹಾಗಾಗಿ ಗುರುತಿನ ಭಾರವೆಲ್ಲ ಗಂಡಿನ ಬಣ್ಣದ ಮೇಲೆ. ಆ ಬಣ್ಣವಾದರೋ ಬಾಟಲಿಯಲ್ಲಿ ಉಳಿಯುವುದಿಲ್ಲ.

ಫೋಟೋ ಆದ ಮೇಲೆ ಲವಂಗದ ಎಣ್ಣೆ ಬೆರೆಸಿದ ನೀರು. ಹಲ್ಲುನೋವಿಗೆ ನಾವು ಇಡುತ್ತೇವಲ್ಲ, ಅದೇ ಎಣ್ಣೆ. ಮೀನಿಗೆ ಮೊದಲು ಮಂಪರು ಬರುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಆಗ ರೆಕ್ಕೆಯ ಒಂದು ಚೂರು ಕತ್ತರಿಸಿ ಬೇರೆ ಸೀಸೆಯಲ್ಲಿ, ಗಾಢ ಆಲ್ಕೋಹಾಲ್‌ನಲ್ಲಿ ಹಾಕುತ್ತಾರೆ. ಅದು ಡಿಎನ್‌ಎ ಪರೀಕ್ಷೆಗೆ. ಮೀನನ್ನು ಫಾರ್ಮಾಲಿನ್‌ಗೆ ಹಾಕುತ್ತಾರೆ. ಈ ಕ್ರಮ ತಿರುಗುಮುರುಗಾದರೆ ಕೆಲಸ ಕೆಟ್ಟಿತು, ಯಾಕೆಂದರೆ ಫಾರ್ಮಾಲಿನ್ ಮೈಯನ್ನು ಗಟ್ಟಿ ಮಾಡುತ್ತದೆ, ಡಿಎನ್‌ಎಯನ್ನು ಹಾಳು ಮಾಡುತ್ತದೆ. ಕೆಲವು ದಿನಗಳ ನಂತರ ತೊಳೆದು 70 ಶೇಕಡಾ ಆಲ್ಕೋಹಾಲ್‌ಗೆ ವರ್ಗಾಯಿಸುತ್ತಾರೆ. ಅಲ್ಲಿ ಕೆಂಪು ಕರಗುತ್ತದೆ, ಹಳದಿ ಕರಗುತ್ತದೆ, ನೀಲಿ ಹೊಳಪು ಮಾಸುತ್ತದೆ. ಕೊನೆಗೆ ಉಳಿಯುವುದು ಒಣ ಎಲೆಯ ಬಣ್ಣದ ಒಂದು ಮೀನು ಮತ್ತು ಮೆಲನಿನ್‌ನಿಂದಾದ ಕಪ್ಪು ಗುರುತುಗಳು. ನೂರು ವರ್ಷ ಹಳೆಯ ಬಾಟಲಿ ತೆರೆದವರಿಗೆ ಸಿಗುವುದು ಇಷ್ಟೇ.

ಆಮೇಲೆ ಬರುವುದು ಎಣಿಕೆ. ಸೂಕ್ಷ್ಮದರ್ಶಕದ ಕೆಳಗೆ ಮೀನನ್ನು ಮಲಗಿಸಿ, ಸೂಜಿಯ ಮೊನೆಯಿಂದ ಹುರುಪೆಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಕಿವಿರಿನ ಹಿಂದಿನಿಂದ ಬಾಲದ ಬುಡದವರೆಗೆ ಒಂದು ಸಾಲಿನಲ್ಲಿ ಎಷ್ಟು? ಬೆನ್ನಿನ ರೆಕ್ಕೆಯಲ್ಲಿ ಕಡ್ಡಿ ಎಷ್ಟು? ಕೆಳಗಿನ ರೆಕ್ಕೆಯಲ್ಲಿ ಎಷ್ಟು? ತಲೆಯ ಮೇಲಿನ ಹುರುಪೆಗಳಲ್ಲಿ ಯಾವುದು ಯಾವುದರ ಮೇಲೆ ಹೊದ್ದುಕೊಂಡಿದೆ? ಬೆನ್ನುಮೂಳೆಯ ಮಣಿಗಳನ್ನು ಎಕ್ಸ್‌ರೇ ತೆಗೆದು ಎಣಿಸುತ್ತಾರೆ. ಉದ್ದ ಅಳೆಯುವಾಗ ಬಾಲದ ರೆಕ್ಕೆಯನ್ನು ಬಿಟ್ಟು ಅಳೆಯುತ್ತಾರೆ, ಅದು ಹರಿದಿರಬಹುದು, ಅಂಚು ಸವೆದಿರಬಹುದು. ತಲೆ, ಕಣ್ಣು, ಮೈಯ ಎತ್ತರ ಎಲ್ಲವನ್ನೂ ಆ ಉದ್ದದ ಶೇಕಡಾವಾರು ಲೆಕ್ಕದಲ್ಲಿ ಬರೆಯುತ್ತಾರೆ. ಹಾಗೆ ಮಾಡದಿದ್ದರೆ ಮರಿ ಮೀನನ್ನೂ ದೊಡ್ಡ ಮೀನನ್ನೂ ಹೋಲಿಸಲು ಆಗುವುದಿಲ್ಲ.

ಇಲ್ಲಿ ಒಂದು ಸಣ್ಣ ತೊಡಕು ಹೇಳಬೇಕು. ಬೆನ್ನಿನ ರೆಕ್ಕೆಯ ಕೊನೆಯ ಎರಡು ಕಡ್ಡಿಗಳು ಕೆಲವೊಮ್ಮೆ ಒಂದೇ ಬುಡದಿಂದ ಹುಟ್ಟಿರುತ್ತವೆ. ಅದನ್ನು ಒಂದು ಅನ್ನಬೇಕೋ ಎರಡು ಅನ್ನಬೇಕೋ? ಒಬ್ಬರು ಒಂದು ಎಂದು ಎಣಿಸಿ ಇನ್ನೊಬ್ಬರು ಎರಡು ಎಂದು ಎಣಿಸಿದರೆ ಒಂದೇ ಮೀನು ಕಾಗದದ ಮೇಲೆ ಎರಡು ಮೀನಾಗುತ್ತದೆ. ಅದಕ್ಕೆ ಒಳ್ಳೆಯ ಲೇಖನದಲ್ಲಿ ಎಣಿಸಿದ ವಿಧಾನವನ್ನೂ ಬರೆದಿರುತ್ತಾರೆ. ಓದಲು ಬೇಸರ ತರಿಸುವ ಆ ಪ್ಯಾರಾ ಇಡೀ ಲೇಖನದ ಜೀವಾಳ ಅಂತ ನನಗೆ ಅನ್ನಿಸುತ್ತದೆ.

ಒಂದೆರಡು ಮೀನು ಅಳೆದು ತೀರ್ಪು ಕೊಡಲೂ ಆಗುವುದಿಲ್ಲ. ಒಂದು ಗುಂಪಿನಲ್ಲಿ ಕಡ್ಡಿ 14ರಿಂದ 16, ಇನ್ನೊಂದರಲ್ಲಿ 15ರಿಂದ 17 ಇದ್ದರೆ, 15 ಕಡ್ಡಿಯ ಮೀನು ಯಾರ ಕಡೆ? ಇಂಥ ಕಡೆ ಹತ್ತಾರು ಮೀನು ಬೇಕಾಗುತ್ತವೆ. ಎಷ್ಟೋ ಸಲ ಅಳತೆಗಳು ಒಂದರೊಳಗೊಂದು ಸೇರಿಕೊಂಡೇ ಇರುತ್ತವೆ. ಆಗ ಡಿಎನ್‌ಎ ಮತ್ತು ಕ್ರೋಮೋಸೋಮ್‌ಗಳ ಕಡೆ ನೋಡಬೇಕು.

ಕ್ರೋಮೋಸೋಮ್ ಅಂದರೆ ಜೀವಕೋಶದೊಳಗೆ ಡಿಎನ್‌ಎ ಸುತ್ತಿಕೊಂಡಿರುವ ಎಳೆಗಳು. ಅವುಗಳ ಕಥೆ ಈ ಕುಲದಲ್ಲಿ ತುಂಬಾ ಸ್ವಾರಸ್ಯದ್ದು. ಅದನ್ನು ಒಂದು ಮೀನಿನ ಮೂಲಕವೇ ಹೇಳುತ್ತೇನೆ. 1926ರಲ್ಲಿ ಜರ್ಮನಿಯ ಎರ್ನ್ಸ್ಟ್ ಆಲ್ ಎಂಬ ವಿಜ್ಞಾನಿ ಮೊಜಾಂಬಿಕ್‌ನ ಬೈರಾ ಬಂದರಿನ ಹತ್ತಿರ ಸಿಕ್ಕ ಮೀನಿಗೆ ನೋಥೊಬ್ರಾಂಕಿಯಸ್ ರಾಕೋವಿ ಎಂದು ಹೆಸರಿಟ್ಟರು. ನೀಲಿ ಮೈ, ಕಿತ್ತಳೆ ಪಟ್ಟಿಗಳು, ಅಕ್ವೇರಿಯಂ ಲೋಕದ ಕಣ್ಮಣಿ. ಮುಂದೆ ಇದೇ ತರಹದ ಮೀನು ಉತ್ತರದಲ್ಲಿ ಕೆಲಿಮಾನೆ ಕಡೆಯೂ ಸಿಕ್ಕಿತು, ದಕ್ಷಿಣದಲ್ಲಿ ದಕ್ಷಿಣ ಆಫ್ರಿಕಾದ ಕ್ರೂಗರ್ ಅಭಯಾರಣ್ಯದಲ್ಲೂ ಸಿಕ್ಕಿತು. ಎಲ್ಲವನ್ನೂ ರಾಕೋವಿ ಎಂದೇ ಕರೆದರು. ಬಣ್ಣದಲ್ಲಿ ಅಲ್ಲಲ್ಲಿ ವ್ಯತ್ಯಾಸ ಇದ್ದೇ ಇತ್ತು, ಊರಿಂದ ಊರಿಗೆ ಬದಲಾಗುವುದು ಸಹಜ ಎಂದುಕೊಂಡರು.

ಕ್ರೋಮೋಸೋಮ್ ಎಣಿಸಲು ಮೀನಿಗೆ ಕಾಲ್ಚಿಸಿನ್ ಎಂಬ ರಾಸಾಯನಿಕ ಕೊಡುತ್ತಾರೆ. ನಮ್ಮ ಬೇಲಿಗಳಲ್ಲಿ ಹಬ್ಬುವ ಅಗ್ನಿಶಿಖೆಯಲ್ಲೂ ಇರುವ ವಿಷ ಅದು. ವಿಭಜನೆಯಾಗುತ್ತಿರುವ ಜೀವಕೋಶವನ್ನು ಅದು ಅರ್ಧಕ್ಕೆ ನಿಲ್ಲಿಸಿಬಿಡುತ್ತದೆ. ಆಗ ಕ್ರೋಮೋಸೋಮ್‌ಗಳು ಬಿಡಿ ಬಿಡಿಯಾಗಿ ಕಾಣುತ್ತವೆ, ಎಣಿಸಬಹುದು. ಈ ಕುಲದಲ್ಲಿ ಸಂಖ್ಯೆ 16ರಿಂದ 50ರವರೆಗೆ ಹರಡಿದೆ. ಬೈರಾದ ರಾಕೋವಿಯದು 16. ಕೆಲಿಮಾನೆ ಕಡೆಯ ಮೀನಿನದು 18. ಎರಡೇ ವ್ಯತ್ಯಾಸ ಅನ್ನಿಸಬಹುದು. ಆದರೆ ಜೋಡಿ ಕೂಡದ ಕ್ರೋಮೋಸೋಮ್‌ಗಳು ಮರಿಗಳ ಸಂತಾನಶಕ್ತಿಗೆ ಅಡ್ಡಿಯಾಗಬಲ್ಲವು. ಬಣ್ಣ ಮತ್ತು ಅಳತೆಯ ಪುರಾವೆಗಳ ಜೊತೆ ಇದೂ ಸೇರಿದಾಗ ತಕ್ಕಡಿ ಒಂದು ಕಡೆ ವಾಲಿತು. 2010ರಲ್ಲಿ ಶಿಡ್ಲೋವ್‌ಸ್ಕಿ, ವಾಟರ್ಸ್ ಮತ್ತು ವಿಲ್ಡೆಕಾಂಪ್ ಸೇರಿ ಇದನ್ನು ಬಿಡಿಸಿದರು. ಉತ್ತರದ್ದು ಕ್ರೈಸನೋವಿ ಆಯಿತು. ದಕ್ಷಿಣದ್ದು, ಅಂದರೆ ಕ್ರೂಗರ್‌ವರೆಗೆ ಹರಡಿದ್ದು, ಪಿನಾರಿ ಆಯಿತು. 84 ವರ್ಷ ಒಂದೇ ಹೆಸರಿನಡಿ ಮೂರು ಮೀನುಗಳಿದ್ದವು.

ಮೂರರಲ್ಲಿ ಹಳೆಯ ಹೆಸರು ಯಾರಿಗೆ ಉಳಿಯಬೇಕು? ಜಾಸ್ತಿ ಜಾಗದಲ್ಲಿ ಸಿಗುವ ಮೀನಿಗೋ, ಜಾಸ್ತಿ ಪ್ರಸಿದ್ಧ ಮೀನಿಗೋ? ಎರಡೂ ಅಲ್ಲ. 1926ರಲ್ಲಿ ಆಲ್ ಅವರ ಮುಂದಿದ್ದ ಮೀನು ಎಲ್ಲಿಯದೋ ಅಲ್ಲಿಯದಕ್ಕೆ. ಅದು ಬೈರಾದ್ದು, ಹಾಗಾಗಿ ರಾಕೋವಿ ಬೈರಾದಲ್ಲೇ ಉಳಿಯಿತು.

ಹೆಸರಿಗೆ ಹೀಗೆ ಗೂಟ ಹೊಡೆದು ಕಟ್ಟುವ ಪದ್ಧತಿಯೇ ಈ ವಿದ್ಯೆಯ ಬುನಾದಿ. ಪ್ರಾಣಿಗಳ ಹೆಸರಿಗೆ ಅಂತಾರಾಷ್ಟ್ರೀಯ ನಿಯಮಾವಳಿ ಇದೆ. ಅದರ ಲೆಕ್ಕದಲ್ಲಿ ಕಾಲ ಶುರುವಾಗುವುದು 1758ರ ಜನವರಿ 1ರಿಂದ, ಜೀವಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿ ತಂದ ಲಿನಿಯಸ್ ಅವರ ಗ್ರಂಥದ ಹತ್ತನೇ ಆವೃತ್ತಿಯಿಂದ. ಒಂದೇ ಮೀನಿಗೆ ಇಬ್ಬರು ಹೆಸರಿಟ್ಟರೆ ಸಾಮಾನ್ಯವಾಗಿ ಮೊದಲು ಅಚ್ಚಾದದ್ದು ಗೆಲ್ಲುತ್ತದೆ. 2000ದಿಂದೀಚೆಗೆ ಹೊಸ ಪ್ರಭೇದ ಬರೆಯುವವರು ಅದು ಯಾವ ಮಾದರಿಯ ಮೇಲೆ ನಿಂತಿದೆ ಎಂದು ಲೇಖನದಲ್ಲೇ ಸ್ಪಷ್ಟವಾಗಿ ಹೇಳಲೇಬೇಕು. ಸಾಮಾನ್ಯವಾಗಿ ಅದು ಒಂದೇ ಒಂದು ಮೀನು. ಅದನ್ನು ಹೋಲೋಟೈಪ್ ಅನ್ನುತ್ತಾರೆ. ಜೊತೆಗೆ ನೋಡಿದ ಇತರ ಮೀನುಗಳು ಪ್ಯಾರಾಟೈಪ್‌ಗಳು. ಅವು ಯಾವ ಮ್ಯೂಸಿಯಂನಲ್ಲಿ, ಯಾವ ಸಂಖ್ಯೆಯಡಿ ಇವೆ ಎಂದೂ ಬರೆಯುತ್ತಾರೆ.

ಹೋಲೋಟೈಪ್ ಅಂದರೆ ಆ ಪ್ರಭೇದದ ಅತಿ ಚೆಂದದ ಮೀನು ಅಂತಲ್ಲ, ಸರಾಸರಿ ಮೀನೂ ಅಲ್ಲ. ಸರ್ವೆ ಕಲ್ಲು ಇದ್ದ ಹಾಗೆ. ಹೊಲದ ಗಡಿಯ ಬಗ್ಗೆ ನಾಳೆ ಎಷ್ಟೇ ವ್ಯಾಜ್ಯ ಬರಲಿ, ಎಲ್ಲರೂ ಬಂದು ಆ ಕಲ್ಲಿನಿಂದಲೇ ಅಳೆಯಬೇಕು. ಹಿಂದೆ ಈ ಕಟ್ಟುನಿಟ್ಟು ಇರಲಿಲ್ಲ. ಒಂದು ಬಾಟಲಿ ತುಂಬಾ ಮೀನು, ಒಂದು ಹೆಸರು. ಆಮೇಲೆ ನೋಡಿದರೆ ಬಾಟಲಿಯೊಳಗೆ ಎರಡು ಬಗೆಯ ಮೀನು! ಹೆಸರು ಯಾವುದರದ್ದು ಎಂದು ತೀರ್ಮಾನಿಸುವುದರಲ್ಲೇ ಮುಂದಿನ ತಲೆಮಾರಿನ ಸಮಯ ಹೋಗುತ್ತಿತ್ತು.

ಈ ಕುಲದ ಅತಿ ಹಳೆಯ ಕಲ್ಲು ನೆಟ್ಟವರು ವಿಲ್‌ಹೆಲ್ಮ್ ಪೀಟರ್ಸ್. ಬರ್ಲಿನ್‌ನಿಂದ ಮೊಜಾಂಬಿಕ್‌ಗೆ ಹೋಗಿ ವರ್ಷಗಟ್ಟಲೆ ಅಲ್ಲೇ ಇದ್ದು ಪ್ರಾಣಿಗಳನ್ನು ಸಂಗ್ರಹಿಸಿದವರು. 1844ರಲ್ಲಿ ಅವರು ಕೆಲಿಮಾನೆಯ ಒಂದು ಮೀನನ್ನು ಓರ್ಥೋನೋಟಸ್ ಎಂದು ಬರೆದರು, ನೇರ ಬೆನ್ನಿನದು ಎಂಬ ಅರ್ಥದಲ್ಲಿ. 1926ರಲ್ಲಿ ಆಲ್ ಬೈರಾದಿಂದಲೇ ಕುಂಟೆ ಎಂಬ ಇನ್ನೊಂದು ಪ್ರಭೇದವನ್ನೂ ಹೆಸರಿಸಿದ್ದರು. ಅದು ಓರ್ಥೋನೋಟಸ್‌ಗಿಂತ ಬೇರೆಯೇನಲ್ಲ ಎಂದು ನಂತರದವರು ಅದರೊಳಗೇ ಸೇರಿಸಿದರು. ಡಿಎನ್‌ಎ ಅಧ್ಯಯನಗಳು ಬಂದ ಮೇಲೆ ಆ ಮೀನಿನ ಗುಂಪುಗಳ ನಡುವೆ ಆಳವಾದ ಅಂತರ ಕಂಡಿತು. ಕುಂಟೆಯ ಹೆಸರು ಮತ್ತೆ ಚಲಾವಣೆಗೆ ಬಂತು. ಹೆಸರು ಹೂತುಹೋದರೂ ಸಾಯುವುದಿಲ್ಲ. ಹೊಸ ಹೆಸರು ಇಡುವ ಮುಂಚೆ ಹಳೆಯ ಹೂತ ಹೆಸರುಗಳನ್ನೆಲ್ಲ ಅಗೆದು ನೋಡಲೇಬೇಕು. ಹೊಸ ಪ್ರಭೇದದ ಕೆಲಸದಲ್ಲಿ ಬಹುಪಾಲು ಸಮಯ ಹೋಗುವುದು ಇಂಥ ಹೋಲಿಕೆಗೆ.

ಡಿಎನ್‌ಎ ಬಗ್ಗೆ ಒಂದು ಎಚ್ಚರಿಕೆಯ ಮಾತು. ಇಷ್ಟು ಶೇಕಡಾ ವ್ಯತ್ಯಾಸ ಇದ್ದರೆ ಹೊಸ ಪ್ರಭೇದ ಎನ್ನುವ ಕಾನೂನು ಎಲ್ಲೂ ಇಲ್ಲ. ಹೆಚ್ಚಾಗಿ ನೋಡುವ ಮೈಟೋಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಾತ್ರ ಬರುವಂಥದ್ದು. ತವರಿನ ಕಡೆಯ ಕಥೆ ಮಾತ್ರ ಹೇಳುತ್ತದೆ. ಹಾಗಾಗಿ ಜಾಣರು ಒಂದೇ ಸಾಕ್ಷಿಯನ್ನು ನಂಬುವುದಿಲ್ಲ. ಡಿಎನ್‌ಎ, ಬಣ್ಣ, ಅಳತೆ, ಸಿಕ್ಕ ಜಾಗ ಎಲ್ಲವೂ ಒಂದೇ ಕಡೆ ಬೆರಳು ತೋರಿಸಬೇಕು. 2010ರಲ್ಲಿ ಜೆಕ್ ವಿಜ್ಞಾನಿ ಮಾರ್ಟಿನ್ ರೈಖಾರ್ಡ್ ಹೆಸರಿಸಿದ ಕಾಡ್ಲೆಸಿ ಇಂಥದ್ದು. ಮೊಜಾಂಬಿಕ್‌ನ ಸಾವೆ ನದಿಯ ಉತ್ತರಕ್ಕೆ ಕಾಡ್ಲೆಸಿ, ದಕ್ಷಿಣಕ್ಕೆ ಅದರ ಹತ್ತಿರದ ನೆಂಟ ಫರ್ಜೆರಿ. ನಡುವೆ ನದಿಯೇ ಗಡಿ.

ಫರ್ಜೆರಿಯ ಹೆಸರು ಬಂತಲ್ಲ, ಅದರ ಕಥೆ ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. ಈಗಿನ ಜಿಂಬಾಬ್ವೆಯ ಗೊನಾರೆಝೊ ಅಭಯಾರಣ್ಯದ ಒಂದು ಗುಂಡಿಯಲ್ಲಿ ರಿಚರ್ಡ್ ಫರ್ಜರ್ ಎಂಬವರು ಹಿಡಿದ ಮೀನು ಅದು. 1971ರಲ್ಲಿ ರೆಕ್ಸ್ ಜಬ್ ಅದಕ್ಕೆ ಹಿಡಿದವರ ಹೆಸರನ್ನೇ ಇಟ್ಟರು. ಅಚ್ಚಾದದ್ದು ಎಲ್ಲಿ ಗೊತ್ತಾ? ಅಮೆರಿಕದ ಕಿಲ್ಲಿಫಿಶ್ ಸಾಕುವವರ ಸಂಘದ ಪತ್ರಿಕೆಯಲ್ಲಿ. ಆ ಗುಂಡಿಯಿಂದ ಬಂದ ಮೀನುಗಳ ಸಂತಾನವನ್ನು ಹವ್ಯಾಸಿಗಳು ಮನೆಯ ತೊಟ್ಟಿಗಳಲ್ಲಿ ಮೂವತ್ತು ವರ್ಷ ಕಾಪಾಡಿದರು. ಮೂರು ನಾಲ್ಕು ತಿಂಗಳು ಬದುಕುವ ಮೀನನ್ನು ಮೂವತ್ತು ವರ್ಷ ಉಳಿಸುವುದೆಂದರೆ ಹತ್ತಾರು ತಲೆಮಾರುಗಳು. ಪ್ರತಿ ಸಲ ಮೊಟ್ಟೆಯನ್ನು ಒದ್ದೆ ಪೀಟ್‌ನಲ್ಲಿ, ಅಂದರೆ ಜವುಗಿನಲ್ಲಿ ಕೊಳೆತ ಗಿಡಗಳ ಮಣ್ಣಿನಲ್ಲಿ, ಎತ್ತಿಟ್ಟು, ಮೊಟ್ಟೆಯೊಳಗೆ ಮರಿಯ ಕಣ್ಣು ಹೊಳೆಯುವವರೆಗೆ ಕಾದು, ಮತ್ತೆ ನೀರು ಹಾಕಬೇಕು. ಒಂದು ಸಲ ಮರೆತರೂ ಆ ಮನೆಯ ತಳಿ ಅಲ್ಲಿಗೇ ನಿಂತುಹೋಗಬಹುದು.

2003ರಲ್ಲಿ ವಾಲ್ಡೆಸಾಲಿಚಿ ಮತ್ತು ಚೆಲ್ಲೆರಿನೊ ಎಂಬ ಇಟಲಿಯ ಇಬ್ಬರು ಈ ಮೀನಿನ ಆಯುಸ್ಸು ಅಳೆದು ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಸಾಕಬಹುದಾದ ಬೆನ್ನೆಲುಬಿನ ಪ್ರಾಣಿಗಳಲ್ಲಿ ಇಷ್ಟು ಬೇಗ ಮುಪ್ಪಾಗುವುದು ಬೇರೆ ಇರಲಿಲ್ಲ. ಕಾಡಿನ ಗುಂಡಿಯಲ್ಲಂತೂ ಮೊಟ್ಟೆಯೊಡೆದ ಎರಡೇ ವಾರದಲ್ಲಿ ಮರಿ ಪ್ರಾಯಕ್ಕೆ ಬರಬಲ್ಲದು. 2015ರ ಹೊತ್ತಿಗೆ ಅದರ ಜೀನೋಮ್, ಅಂದರೆ ಡಿಎನ್‌ಎಯ ಇಡೀ ಬರಹವನ್ನು ಓದಿದರು. ಈಗ ಜರ್ಮನಿಯ ಯೆನಾ, ಕಲೋನ್ ಮುಂತಾದ ಕಡೆ ಮುಪ್ಪಿನ ಅಧ್ಯಯನಕ್ಕೆ ಇದೇ ಮೀನು. ಗುಂಡಿಯ ಹೆಸರು ಬರೆದಿಟ್ಟಿದ್ದರಿಂದ, ಬೇರೆ ಕಡೆಯ ಮೀನಿನ ಜೊತೆ ಬೆರೆಸದೆ ಸಾಕಿದ್ದರಿಂದ ಇದು ಸಾಧ್ಯವಾಯಿತು.

ಹವ್ಯಾಸಿಗಳ ಈ ಶಿಸ್ತಿಗೆ ನಾನು ಮನಸಾರೆ ಕೈಮುಗಿಯುತ್ತೇನೆ. ಅವರು ಬರೀ ಫರ್ಜೆರಿ ಎಂದು ಬರೆಯುವುದಿಲ್ಲ. ಎಂಝಡ್‌ಎಂ-0403 ಎಂದು ಬರೆಯುತ್ತಾರೆ. ಮೊಜಾಂಬಿಕ್, 2004ನೇ ಇಸವಿ, 3ನೇ ಜಾಗ. ಎಂಝಡ್‌ಎಂ-0410 ಅಂದರೆ ಅದೇ ವರ್ಷದ 10ನೇ ಜಾಗ. ಈ ಎರಡನ್ನೂ ಒಂದೇ ತೊಟ್ಟಿಗೆ ಬಿಡುವುದು ದೊಡ್ಡ ತಪ್ಪು. ನೋಡಲು ಒಂದೇ ತರಹ ಇದ್ದರೂ ನಾಳೆ ಯಾರಾದರೂ ಇವು ಬೇರೆ ಬೇರೆ ಎಂದು ತೋರಿಸಬಹುದು. ಬೆರೆಸಿದ ಮೇಲೆ ಬಿಡಿಸಲು ಆಗುವುದಿಲ್ಲ.

ಹೆಸರಿಡುವ ಭಾಗ ಎಲ್ಲಕ್ಕಿಂತ ಸುಲಭ. ಗಂಡಸಿನ ಹೆಸರಾದರೆ ಕೊನೆಗೆ ಇ, ಹೆಂಗಸಿನದಾದರೆ ಎ, ಊರಿನದಾದರೆ ಎನ್ಸಿಸ್. ನಮೀಬಿಯಾದ ಕ್ಯಾಪ್ರಿವಿ ಪ್ರದೇಶದ ಮೀನು 2015ರಲ್ಲಿ ಕ್ಯಾಪ್ರಿವಿಯೆನ್ಸಿಸ್ ಆದದ್ದು ಹೀಗೆ. ಅದಕ್ಕೂ ಮುಂಚೆ ವರ್ಷಗಟ್ಟಲೆ ಅದು ಹೆಸರಿಲ್ಲದ ಕ್ಯಾಪ್ರಿವಿ ಮೀನಾಗಿಯೇ ಓಡಾಡಿತ್ತು.

ಈ ಹೆಸರಿಗೆ ಇಷ್ಟು ಗುದ್ದಾಟ ಯಾಕೆ ಎಂದು ಕೇಳಬಹುದು. ರಾಕೋವಿ ಎಂದು ಒಂದೇ ಹೆಸರಿದ್ದಾಗ ಕೆಲಿಮಾನೆಯಿಂದ ಕ್ರೂಗರ್‌ವರೆಗೆ ಹರಡಿದ ಮೀನು ಎಂದು ಲೆಕ್ಕ. ಒಂದು ಕಡೆ ಹೋದರೂ ಇನ್ನೊಂದು ಕಡೆ ಇದೆಯಲ್ಲ ಎಂಬ ನೆಮ್ಮದಿ. ಮೂರಾಗಿ ಬಿಡಿಸಿದ ಮೇಲೆ ಒಂದೊಂದರ ಜಾಗವೂ ಎಷ್ಟು ಸಣ್ಣದು ಎಂದು ಗೊತ್ತಾಯಿತು. ಇನ್ನು ಕೆಲವು ಪ್ರಭೇದಗಳು ಬೆರಳೆಣಿಕೆಯ ಗುಂಡಿಗಳಲ್ಲಿ ಮಾತ್ರ ಇವೆ. ಒಂದು ರಸ್ತೆಗೆ ಮಣ್ಣು ತುಂಬಿದರೆ, ಒಂದು ತಗ್ಗನ್ನು ಭತ್ತದ ಗದ್ದೆ ಮಾಡಿದರೆ ಮುಗಿಯಿತು. ಬೇಸಿಗೆಯಲ್ಲಿ ನೋಡಿದರೆ ಅದು ಬರೀ ಬಿರಿದ ನೆಲ. ಇಂಜಿನಿಯರ್ ಬಂದು ನಿಂತರೂ ಅಲ್ಲಿ ಮೀನಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಮೊಟ್ಟೆಗಳು ಅವರ ಬೂಟಿನ ಕೆಳಗೇ ಇರುತ್ತವೆ. ಅಲ್ಲಿ ಇಂಥ ಮೀನು ಇದೆ, ಇಂಥ ಹೆಸರಿನದು, ಇದರ ಹೋಲೋಟೈಪ್ ಈ ಗುಂಡಿಯದೇ ಎಂದು ತೋರಿಸಲು ಒಂದು ಅಚ್ಚಾದ ಕಾಗದ ಬೇಕು.